ಪಾಲಿಗೆ ಬಿಟ್ಟ ಕುರಿ ಮತ್ತು ಸಾಹಸ ಬಂಡವಾಳ

ಕಳೆದ ತಿಂಗಳು ಜತ್ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರ ಪಾಲಕರ ಸಭೆಯಲ್ಲಿ ಭಾಗವಹಿಸುವ ಸಂದರ್ಭ ನನಗೆ ಒದಗಿತ್ತು. ಹತ್ತನೆಯ ತರಗತಿಯ ನಂತರ ಮಕ್ಕಳು ಯಾವ ದಾರಿ ಹಿಡಿಯಬೇಕೆಂಬುದು ಅಂದಿನ ಚರ್ಚೆಯ ವಿಷಯ. ಡಿಪ್ಲೊಮಾ, ಐ.ಟಿ.ಐ., ಡಿ.ಎಡ್., ಪೊಲೀಸ್ ಭರ್ತಿ ಎಂದು ಮಾತು ಸಾಗಿದ್ದಾಗ ಹಿಂದಿನ ಸಾಲಿನಲ್ಲಿದ್ದ ಕುರಿಗಾರರೊಬ್ಬರು ಎದ್ದು ನಿಂತರು. ಅವರ ಹಿರಿಯ ಮಗ ಪುಣೆಯಲ್ಲಿ ಓದುತ್ತಿದ್ದಾನೆ. ಗೆಳೆಯರೊಡನೆ ಸೇರಿ ಕಂಪನಿಯೊಂದನ್ನು ತೆರೆಯುತ್ತಾನಂತೆ. ಅದಕ್ಕೆ ಬೇಕಾದ ಹಣವನ್ನು ಯಾರೋ ಹಾಕುತ್ತಾರಂತೆ. ಅದನ್ನು ತಿರುಗಿ ಕೊಡಬೇಕಾಗಿಲ್ಲವಂತೆ. ತಂದೆಯ ಮುಖದಲ್ಲಿದ್ದುದು ಹೆಮ್ಮೆಯಲ್ಲ, ದಿಗಿಲು.

“ಗುರುಗಳ, ಹೊಲದ ಉತಾರಿ ಇಡಲಾರದ, ಜಾಮೀನ ಕೇಳಲಾರದ ಲಕ್ಷಗಟ್ಲೆ ರೊಕ್ಕಾ ಕೊಡೋರು ಯಾರ್ರೀ? ಇದರಾಗ ಏನರ ಮೋಸ ಇರಬೇಕಲ್ರೀ?”

ಸಭೆಯಲ್ಲಿ ನಗು ಎದ್ದಿತು. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ನಮ್ಮ ಮನೆಗಳ ಮಕ್ಕಳು ಪುಣೆ, ಬೆಂಗಳೂರು, ಹೈದರಾಬಾದುಗಳಿಗೆ ಹೋಗಿ ‘ಸ್ಟಾರ್ಟಪ್’, ‘ಫಂಡಿಂಗ್’ ಎಂಬ ಮಾತುಗಳನ್ನು ಕಲಿತು ಬರುತ್ತಿದ್ದಾರೆ. ಆ ಮಾತುಗಳ ಹಿಂದಿರುವ ವ್ಯವಹಾರವೇನು, ಅದರಲ್ಲಿ ಯಾರು ಏನು ಕೊಡುತ್ತಾರೆ, ಏನು ಪಡೆಯುತ್ತಾರೆ ಎಂಬುದನ್ನು ನಮ್ಮ ಭಾಷೆಯಲ್ಲಿ ಹೇಳಿದವರು ಕಡಿಮೆ. ಅಂದು ನಾನು ಅವರಿಗೆ ಕೊಟ್ಟ ಉತ್ತರ ಅರೆಬರೆಯಾಗಿತ್ತು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಚಿತ್ರವೆಂದರೆ, ಈ ವ್ಯವಹಾರದ ಮೂಲತತ್ತ್ವವನ್ನು ಆ ಕುರಿಗಾರರು ನನಗಿಂತ ಚೆನ್ನಾಗಿ ಬಲ್ಲರು. ನಮ್ಮ ಭಾಗದಲ್ಲಿ ಕುರಿಗಳನ್ನು ಪಾಲಿಗೆ ಬಿಡುವ ಪದ್ಧತಿ ಇದೆಯಷ್ಟೆ. ಕುರಿ ಇದ್ದವನು ಕೆಲವು ಹೆಣ್ಣುಕುರಿಗಳನ್ನು ಇಲ್ಲದವನಿಗೆ ಒಪ್ಪಿಸುತ್ತಾನೆ. ಮೇಯಿಸುವ, ಕಾಯುವ ಹೊಣೆ ಸಾಕುವವನದು. ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ಇವನಿಗೆ. ರೋಗ ಬಂದು ತಾಯಿಕುರಿ ಸತ್ತರೆ ಸಾಮಾನ್ಯವಾಗಿ ನಷ್ಟ ಒಡೆಯನದೇ. ಸಾಕಿದವನ ದುಡಿಮೆ ನೀರುಪಾಲಾಯಿತೆಂಬುದು ನಿಜ, ಆದರೆ ಅವನ ತಲೆಯ ಮೇಲೆ ಸಾಲ ಉಳಿಯುವುದಿಲ್ಲ. ಇಲ್ಲಿ ಬಡ್ಡಿಯೂ ಇಲ್ಲ, ಅಡವೂ ಇಲ್ಲ. ಒಡೆಯನು ನೋಡುವುದು ಒಂದನ್ನೇ: ಇವನು ಕುರಿಯನ್ನು ಬಲ್ಲವನೇ, ನಂಬಿಕಸ್ಥನೇ ಎಂದು. ಸಾಹಸ ಬಂಡವಾಳ ಎಂದು ಇಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಮುಂದೆ ನೋಡೋಣ. ಆ ವ್ಯತ್ಯಾಸವೇ ಪಾಲಕರು ತಿಳಿಯಬೇಕಾದದ್ದು.

ಉಣ್ಣೆಯ ಗಿರಣಿಯಲ್ಲಿ ಹುಟ್ಟಿದ ಕಂಪನಿ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ ‘ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಕಾರ್ಪೊರೇಶನ್’ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಯುದ್ಧಕಾಲದಲ್ಲಿ ಪ್ರಯೋಗಾಲಯಗಳಲ್ಲಿ ಹುಟ್ಟಿದ ಹೊಸ ವಿದ್ಯೆಗಳು ಕಾಗದದಲ್ಲೇ ಉಳಿಯುತ್ತಿವೆ, ಅವನ್ನು ಉದ್ಯಮವಾಗಿ ಬೆಳೆಸಲು ಹಣ ಕೊಡುವವರಿಲ್ಲ ಎಂಬ ಕೊರಗು ಅಲ್ಲಿನ ಕೆಲವು ಹಿರಿಯರದಾಗಿತ್ತು. ಎಂ.ಐ.ಟಿ. ಎಂಬ ಪ್ರಸಿದ್ಧ ತಾಂತ್ರಿಕ ವಿದ್ಯಾಲಯದ ಅಧ್ಯಕ್ಷರಾಗಿದ್ದ ಕಾರ್ಲ್ ಕಾಂಪ್ಟನ್, ಮುಂದೆ ಅಮೆರಿಕದ ಸೆನೆಟ್ ಸದಸ್ಯರಾದ ರಾಲ್ಫ್ ಫ್ಲಾಂಡರ್ಸ್ ಮುಂತಾದವರು ಸೇರಿ ಇದನ್ನು ಕಟ್ಟಿದರು. ನಡೆಸುವ ಹೊಣೆ ಜಾರ್ಜ್ ಡೋರಿಯೋ ಎಂಬವರದಾಯಿತು.

ಡೋರಿಯೋ 1899ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದವರು. 1921ರಲ್ಲಿ ಓದಲೆಂದು ಅಮೆರಿಕಕ್ಕೆ ಬಂದು ಅಲ್ಲಿಯೇ ನೆಲೆನಿಂತು ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ಪ್ರಾಧ್ಯಾಪಕರಾದರು. ಯುದ್ಧಕಾಲದಲ್ಲಿ ಸೈನ್ಯದ ಸರಬರಾಜು ವಿಭಾಗದಲ್ಲಿ ಬ್ರಿಗೇಡಿಯರ್ ಜನರಲ್ ಹುದ್ದೆಗೇರಿದರು. ಕೊನೆಯತನಕ ಅವರ ಇಂಗ್ಲಿಷಿನಲ್ಲಿ ಫ್ರೆಂಚ್ ಉಚ್ಚಾರಣೆ ಎದ್ದು ಕಾಣುತ್ತಿತ್ತೆಂದು ಅವರ ಶಿಷ್ಯರು ಬರೆದಿದ್ದಾರೆ. ಇಂಗ್ಲಿಷ್ ಮಾತಿನ ಧಾಟಿಯ ಬಗ್ಗೆ ಕೀಳರಿಮೆ ಪಡುವ ನಮ್ಮ ಮಕ್ಕಳಿಗಾಗಿ ಈ ವಿವರವನ್ನು ಬೇಕೆಂದೇ ಇಲ್ಲಿ ಹೇಳುತ್ತಿದ್ದೇನೆ.

ಸಂಸ್ಥೆಗೆ 50 ಲಕ್ಷ ಡಾಲರ್ ಕೂಡಿಸಬೇಕೆಂಬ ಗುರಿಯಿತ್ತು; ಕೂಡಿದ್ದು ಸುಮಾರು 35 ಲಕ್ಷ. ಹಣ ಹಾಕಿದವರಲ್ಲಿ ವಿಮಾ ಕಂಪನಿಗಳೂ ವಿಶ್ವವಿದ್ಯಾಲಯಗಳೂ ಇದ್ದವು. ಮೊದಲ ಹೂಡಿಕೆಗಳಲ್ಲೊಂದು ಕ್ಯಾನ್ಸರ್ ಚಿಕಿತ್ಸೆಗೆ ಬೇಕಾದ ಎಕ್ಸ್-ರೇ ಯಂತ್ರ ತಯಾರಿಸುವ ಹೈ ವೋಲ್ಟೇಜ್ ಎಂಜಿನಿಯರಿಂಗ್ ಎಂಬ ಕಂಪನಿಗೆ. ಲಾಭ ಬರುವುದು ಅನುಮಾನ, ಆದರೂ ಕೆಲಸ ಒಳ್ಳೆಯದು ಎಂಬ ಭಾವನೆಯಿಂದ ತೊಡಗಿಸಿದ 2 ಲಕ್ಷ ಡಾಲರ್, 1955ರ ಹೊತ್ತಿಗೆ ಸುಮಾರು 18 ಲಕ್ಷವಾಗಿತ್ತು.

ಆದರೆ ಆ ಸಂಸ್ಥೆಯ ಹೆಸರು ಇಂದಿಗೂ ಉಳಿದಿರುವುದು 1957ರ ಒಂದು ಹೂಡಿಕೆಯಿಂದ. ಕೆನ್ ಓಲ್ಸೆನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ತರುಣ ಎಂಜಿನಿಯರುಗಳು ಎಂ.ಐ.ಟಿ.ಯ ಪ್ರಯೋಗಾಲಯದಲ್ಲಿ ಗಣಕಯಂತ್ರಗಳ ಮೇಲೆ ಕೆಲಸ ಮಾಡುತ್ತಿದ್ದರು. ಕೋಣೆ ತುಂಬುವ ದೈತ್ಯಯಂತ್ರಗಳ ಬದಲು ಚಿಕ್ಕದಾದ, ಮುಂದೆ ಕುಳಿತವನು ನೇರವಾಗಿ ಬಳಸಬಲ್ಲ ಗಣಕಗಳನ್ನು ಮಾಡಬಹುದೆಂದು ಅವರಿಗೆ ತೋರಿತು. ವ್ಯಾಪಾರದ ಗಂಧಗಾಳಿ ಇಬ್ಬರಿಗೂ ಇರಲಿಲ್ಲ. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು, ಪುಸ್ತಕಗಳಲ್ಲಿದ್ದ ಮಾದರಿಗಳನ್ನು ನೋಡಿಕೊಂಡು, ಲಾಭನಷ್ಟದ ಅಂದಾಜುಪಟ್ಟಿಯನ್ನು ಬರೆದರು. ಗ್ರಂಥಾಲಯ ಎಂಬುದು ಇಂಥದಕ್ಕೂ ಒದಗುತ್ತದೆ.

ಡೋರಿಯೋ ಅವರ ಸಂಸ್ಥೆಯ ಆಡಳಿತ ಮಂಡಳಿಯ ಮುಂದೆ ಹಾಜರಾಗುವ ಮುನ್ನ ಅಲ್ಲಿನ ಸಿಬ್ಬಂದಿ ಇವರಿಗೆ ಮೂರು ಬುದ್ಧಿಮಾತು ಹೇಳಿದರೆಂದು ಓಲ್ಸೆನ್ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಕಂಪ್ಯೂಟರ್ ಎಂಬ ಮಾತನ್ನೇ ಎತ್ತಬೇಡಿ. ದೊಡ್ಡ ದೊಡ್ಡ ಕಂಪನಿಗಳೇ ಅದರಲ್ಲಿ ಕೈಸುಟ್ಟುಕೊಂಡಿವೆ, ಮಂಡಳಿ ನಂಬುವುದಿಲ್ಲ. ಶೇಕಡ 5 ಲಾಭವೆಂದರೆ ಸಾಲದು, 10 ಎನ್ನಿ. ಲಾಭ ಬೇಗ ಬರುತ್ತದೆಂದು ಹೇಳಿ. ಏಕೆಂದರೆ ಮಂಡಳಿಯ ಹೆಚ್ಚಿನ ಸದಸ್ಯರು ಎಂಬತ್ತು ದಾಟಿದ ಮುದುಕರು! ಇದರಂತೆ ಯೋಜನಾಪತ್ರದಿಂದ ‘ಕಂಪ್ಯೂಟರ್’ ಮಾಯವಾಯಿತು. ಕಂಪನಿಗೆ ಇಟ್ಟ ಹೆಸರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್.

ದೊರೆತ ಬಂಡವಾಳ 70,000 ಡಾಲರ್. ಅದಕ್ಕೆ ಪ್ರತಿಯಾಗಿ ಕಂಪನಿಯ ಶೇಕಡ 70ರಷ್ಟು ಪಾಲು ಹೂಡಿದವರದಾಯಿತು. ಪಾಲಿನ ಕುರಿಯಲ್ಲಿ ಅರ್ಧಕ್ಕರ್ಧ. ಇಲ್ಲಿ ಮುಕ್ಕಾಲಿಗೆ ಸಮೀಪ. ಇಂದು ಯಾವ ತರುಣನೂ ಇಂಥ ಕರಾರಿಗೆ ಒಪ್ಪಲಾರ. ಆದರೆ ಅಂದು ಬೇರೆಲ್ಲೂ ಕೇಳುವಂತಿರಲಿಲ್ಲ.

ಇಬ್ಬರೂ ಮೇನಾರ್ಡ್ ಎಂಬ ಸಣ್ಣ ಊರಿನಲ್ಲಿ ನಿಂತುಹೋಗಿದ್ದ ಹಳೆಯ ಉಣ್ಣೆಯ ಗಿರಣಿಯೊಂದರಲ್ಲಿ ಜಾಗ ಹಿಡಿದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನಿಕರಿಗೆ ಕಂಬಳಿ, ಬಟ್ಟೆ ನೇಯ್ದ ಗಿರಣಿ ಅದು. ಚದರಡಿಗೆ ವರ್ಷಕ್ಕೆ 25 ಸೆಂಟ್ ಬಾಡಿಗೆ. ಸೊಲ್ಲಾಪುರದಲ್ಲಿ ಭೋಂಗಾ ನಿಂತ ಗಿರಣಿಗಳ ಗೋಡೆಗಳನ್ನು ನೋಡುತ್ತ ಬೆಳೆದ ನಮ್ಮಂಥವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆ ಊರಿನಲ್ಲಿ ಮಗ್ಗಗಳು ನಿಂತ ಕಟ್ಟಡದಲ್ಲಿ ಗಣಕಗಳು ತಯಾರಾದವು. ಹಂತಹಂತವಾಗಿ ಇಡೀ ಗಿರಣಿ ಕಂಪನಿಯ ವಶವಾಯಿತು. ಗಿರಣಿ ನಿಂತುಹೋದ ಊರಿಗೆಲ್ಲ ಇಂಥ ಭಾಗ್ಯ ಬರುವುದಿಲ್ಲ ಎಂಬುದನ್ನೂ ನಾವು ಬಲ್ಲೆವು.

ಮೊದಲು ಅವರು ಮಾಡಿದ್ದು ಪ್ರಯೋಗಾಲಯಗಳಿಗೆ ಬೇಕಾದ ಬಿಡಿ ವಿದ್ಯುನ್ಮಾನ ಫಲಕಗಳನ್ನು. ಮೊದಲ ವರ್ಷದ ಕೊನೆಗೇ ಅಲ್ಪ ಲಾಭ ಬಂತು. ಆಮೇಲೆ ಪಿ.ಡಿ.ಪಿ.-1 ಎಂಬ ಗಣಕ ಹೊರಬಂತು. ಬೆಲೆ 1,20,000 ಡಾಲರ್. ಅಂದಿನ ದೊಡ್ಡ ಗಣಕಗಳಿಗೆ ಹೋಲಿಸಿದರೆ ಅದು ಅಗ್ಗವೇ. 1966ರಲ್ಲಿ ಕಂಪನಿಯ ಷೇರುಗಳು ಸಾರ್ವಜನಿಕರಿಗೆ ಬಿಕರಿಯಾದವು. 1957ರ 70,000 ಡಾಲರ್, 1971ರ ಹೊತ್ತಿಗೆ 35 ಕೋಟಿ ಡಾಲರಿಗೂ ಮಿಕ್ಕಿತ್ತು. ಐದು ಸಾವಿರ ಪಟ್ಟು!

ಈ ಅಂಕಿಯನ್ನು ಕೇಳಿ ತಲೆ ತಿರುಗುವ ಮೊದಲು ಇನ್ನೊಂದನ್ನು ಗಮನಿಸಬೇಕು. ಡೋರಿಯೋ ಸಂಸ್ಥೆ ತನ್ನ ಇಪ್ಪತ್ತಾರು ವರ್ಷಗಳ ಬಾಳಿನಲ್ಲಿ ನೂರಕ್ಕೂ ಮಿಕ್ಕಿದ ಕಂಪನಿಗಳಿಗೆ ಹಣ ಕೊಟ್ಟಿತು. ಅದರ ಒಟ್ಟು ಲಾಭದ ಸುಮಾರು ಅರ್ಧ ಬಂದದ್ದು ಈ ಒಂದೇ ಕಂಪನಿಯಿಂದ. ಉಳಿದ ಅಷ್ಟೂ ಕಂಪನಿಗಳು ಸೇರಿ ಇನ್ನರ್ಧ.

ಐದನೆಯ ಬೆರಳಿನ ಲೆಕ್ಕ

ಪಾಲಿನ ಕುರಿಗೂ ಈ ಬಂಡವಾಳಕ್ಕೂ ಇರುವ ವ್ಯತ್ಯಾಸ ಇಲ್ಲಿಂದ ಶುರುವಾಗುತ್ತದೆ. ಹತ್ತು ಕುರಿ ಪಾಲಿಗೆ ಬಿಟ್ಟ ಒಡೆಯ, ಎಂಟಾದರೂ ಉಳಿದು ಮರಿ ಹಾಕಲಿ ಎಂದು ಬಯಸುತ್ತಾನೆ. ಸಾಹಸ ಬಂಡವಾಳದವರ ಲೆಕ್ಕ ಹಾಗಲ್ಲ. ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ಕಾಗದ ಪೆನ್ಸಿಲು ಹಿಡಿದು ನೋಡಬಹುದಾದ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ.

ಒಂದು ನಿಧಿಯಲ್ಲಿ 100 ಕೋಟಿ ರೂಪಾಯಿ ಇದೆಯೆನ್ನಿ. ಈ ಹಣ ನಡೆಸುವವರ ಸ್ವಂತದ್ದಲ್ಲ. ಪಿಂಚಣಿ ನಿಧಿಗಳು, ವಿಮಾ ಸಂಸ್ಥೆಗಳು, ಸಿರಿವಂತ ಕುಟುಂಬಗಳು ಕೊಟ್ಟದ್ದು. ಸಾಮಾನ್ಯವಾಗಿ ಹತ್ತು ವರ್ಷದ ಗಡುವು. ನಡೆಸುವವರು ವರ್ಷಕ್ಕೆ ಶೇಕಡ 2ರಂತೆ ಖರ್ಚಿಗೆಂದು ತೆಗೆದುಕೊಳ್ಳುತ್ತಾರೆ. ಹತ್ತು ವರ್ಷಕ್ಕೆ 20 ಕೋಟಿ. ಉಳಿದ 80 ಕೋಟಿಯನ್ನು ತಲಾ 4 ಕೋಟಿಯಂತೆ 20 ಕಂಪನಿಗಳಿಗೆ ಹಂಚಿದರು. ಅವುಗಳಲ್ಲಿ 10 ಮುಳುಗಿಹೋದವು; ಬಂದದ್ದು ಸೊನ್ನೆ. 6 ಕಂಪನಿಗಳು ಹಾಕಿದ ಹಣವನ್ನಷ್ಟೇ ಮರಳಿಸಿದವು: 24 ಕೋಟಿ. 3 ಕಂಪನಿಗಳು ಮೂರು ಪಟ್ಟು ಕೊಟ್ಟವು: 36 ಕೋಟಿ. ಇಲ್ಲಿಗೆ 60 ಕೋಟಿ. ಹಾಕಿದ್ದು 100, ಬಂದದ್ದು 60. ಉಳಿದ ಒಂದೇ ಒಂದು ಕಂಪನಿ ಐವತ್ತು ಪಟ್ಟು ಬೆಳೆದರೆ 200 ಕೋಟಿ ಬರುತ್ತದೆ. ಒಟ್ಟು 260. ಲಾಭ 160, ಅದರಲ್ಲಿ ರೂಢಿಯಂತೆ ಶೇಕಡ 20, ಎಂದರೆ 32 ಕೋಟಿ, ನಡೆಸುವವರಿಗೆ. ಹಣ ಹಾಕಿದವರಿಗೆ ಉಳಿಯುವುದು 228.

ಹತ್ತು ವರ್ಷದಲ್ಲಿ 100 ಇದ್ದದ್ದು 228 ಆಯಿತೆಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಎಂಟೂವರೆ ಶೇಕಡದ ಆಸುಪಾಸು. ಇಷ್ಟೆಲ್ಲ ಹಾರಾಟದ ಫಲ, ಬ್ಯಾಂಕಿನ ಠೇವಣಿಗಿಂತ ಒಂದೆರಡು ಹೆಜ್ಜೆ ಮುಂದೆ! ಅದೂ ಆ ಒಂದು ಕಂಪನಿ ಸಿಕ್ಕಿದ್ದರಿಂದ.

ಆದ್ದರಿಂದಲೇ ಇವರು ತರುಣರ ಮುಂದೆ ಕುಳಿತಾಗ ಕೇಳುವ ಪ್ರಶ್ನೆ ‘ಇದು ನಡೆಯುತ್ತದೆಯೇ?’ ಎಂದಲ್ಲ; ‘ಇದು ಐವತ್ತು ಪಟ್ಟು ಆಗಬಲ್ಲುದೇ?’ ಎಂದು. ಸೊಲ್ಲಾಪುರದಲ್ಲಿ ಚಾದರ, ಟವೆಲುಗಳನ್ನು ನೇಯಿಸಿ ವರ್ಷಕ್ಕೆ ಹತ್ತು ಲಕ್ಷ ಉಳಿಸುವ, ಇಪ್ಪತ್ತು ಮನೆಗಳಿಗೆ ಅನ್ನ ಕೊಡುವ ಕಾರಖಾನೆ ಒಳ್ಳೆಯ ಉದ್ಯಮವೇ. ಆದರೆ ಸಾಹಸ ಬಂಡವಾಳದವರ ಕಣ್ಣಿಗೆ ಅದು ಬೀಳುವುದಿಲ್ಲ. ಅವರು ಬೇಡವೆಂದರೆ ವಿಚಾರ ಕೆಟ್ಟದ್ದೆಂದು ಅರ್ಥವಲ್ಲ. ಇದು ಗೊತ್ತಿಲ್ಲದೆ ಎದೆಗುಂದಿ ಊರಿಗೆ ಮರಳಿದ ಹುಡುಗರನ್ನು ನಾನು ಕಂಡಿದ್ದೇನೆ.

ಕುರಿಗಾರ ತಂದೆಯ ಸಂಶಯಕ್ಕೆ ಈಗ ನೇರವಾಗಿ ಬರೋಣ. ಬ್ಯಾಂಕು ಅಡವು ಕೇಳುವುದೇಕೆ? ನಿಮ್ಮ ಮಗನ ಕಂಪನಿ ಸಾವಿರ ಪಟ್ಟು ಬೆಳೆದರೂ ಬ್ಯಾಂಕಿಗೆ ಸಿಗುವುದು ಅದೇ ಬಡ್ಡಿ. ಮುಳುಗಿದರೆ ಮಾತ್ರ ಇಡೀ ನಷ್ಟ. ಆದ್ದರಿಂದ ಅದು ಹೊಲದ ಉತಾರ ಕೇಳುತ್ತದೆ. ಸಾಹಸ ಬಂಡವಾಳದವರು ಬೆಳೆದರೆ ಪಾಲು ಪಡೆಯುತ್ತಾರೆ, ಮುಳುಗಿದರೆ ಮರೆಯುತ್ತಾರೆ. ಇದರಲ್ಲಿ ಮೋಸವಿಲ್ಲ. ಆದರೆ ದಾನವೂ ಇಲ್ಲ.

ಕಾಗದದಲ್ಲಿ ನೋಡಬೇಕಾದದ್ದು ಎರಡು ಮೂರು ಸಂಗತಿ. ಒಂದು, ಪಾಲು ಕರಗುವ ರೀತಿ. ಇಬ್ಬರು ಗೆಳೆಯರು ಅರ್ಧಕ್ಕರ್ಧ ಪಾಲಿನಲ್ಲಿ ಶುರುಮಾಡುತ್ತಾರೆ. ಮೂರು ಸಲ ಹಣ ಎತ್ತಿ, ಪ್ರತಿ ಸಲವೂ ಐದನೆಯ ಒಂದು ಭಾಗ ಕೊಟ್ಟರೆ 100ರಲ್ಲಿ ಅವರ ಬಳಿ ಉಳಿಯುವುದು 80, ಆಮೇಲೆ 64, ಆಮೇಲೆ 51 ಚಿಲ್ಲರೆ. ಇಬ್ಬರಿಗೂ ತಲಾ ಇಪ್ಪತ್ತೈದೂವರೆ. ಕಂಪನಿ ಯಾರದೆಂಬ ಪ್ರಶ್ನೆಗೆ ಉತ್ತರ ಆಗ ಸುಲಭವಲ್ಲ. ಇನ್ನೊಂದು, ಮೊದಲ ಹಕ್ಕು. ಕಂಪನಿ ಮಾರಾಟವಾದರೆ ಹೂಡಿದವರು ತಮ್ಮ ಅಸಲನ್ನು ಮೊದಲು ತೆಗೆದುಕೊಳ್ಳುವ ಕರಾರು ಸಾಮಾನ್ಯ. 10 ಕೋಟಿ ಹೂಡಿದ ಕಂಪನಿ 12 ಕೋಟಿಗೆ ಮಾರಿತೆನ್ನಿ. ಪತ್ರಿಕೆಯಲ್ಲಿ 12 ಕೋಟಿಯ ಸುದ್ದಿ ಬರುತ್ತದೆ. ಅದರಲ್ಲಿ 10 ಕೋಟಿ ಹೂಡಿದವರಿಗೆ ಹೋಗಿ, ಏಳು ವರ್ಷ ದುಡಿದವರ ಕೈಗೆ ಬರುವುದು ಉಳಿದ ಎರಡರಲ್ಲಿ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ತಂದೆಯ ಅಥವಾ ಮಗನ ಸ್ವಂತ ಆಸ್ತಿಯ ಜಾಮೀನು ಕೇಳುವ ಸಾಲು ಕಾಗದದಲ್ಲಿ ಎಲ್ಲಿಯಾದರೂ ಇದ್ದರೆ ಅದು ಸಾಹಸ ಬಂಡವಾಳವಲ್ಲ, ಬೇರೆ ಹೆಸರಿನ ಸಾಲ. ಅಲ್ಲಿ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಲೇಬೇಕು.

ಇತ್ತ ನಮ್ಮಲ್ಲಿ

ನಮ್ಮ ದೇಶದಲ್ಲಿ ಈ ಪದ್ಧತಿ ಬೇರೂರಿದ್ದು ತಡವಾಗಿ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿಯೊಡನೆ ಬಯೋಕಾನ್ ಆರಂಭಿಸಿದಾಗ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ವಿಷಯ ಹೊಸದು, ಕೇಳುವವಳು ಇಪ್ಪತ್ತೈದರ ಹೆಣ್ಣುಮಗಳು. 1981ರಲ್ಲಿ ಇನ್ಫೋಸಿಸ್ ಹುಟ್ಟಿದ್ದು ನಮ್ಮ ಪಕ್ಕದ ಪುಣೆಯಲ್ಲಿ. ಆಗ ಬಂಡವಾಳ ಒದಗಿಸಿದ್ದು ಯಾವ ನಿಧಿಯೂ ಅಲ್ಲ, ಸುಧಾ ಮೂರ್ತಿಯವರು ಕೂಡಿಟ್ಟಿದ್ದ 10,000 ರೂಪಾಯಿ. ಐ.ಸಿ.ಐ.ಸಿ.ಐ.ಯ ಎನ್. ವಾಘುಲ್ ಅವರಂಥ ಕೆಲವು ಬ್ಯಾಂಕಿಗರ ಒತ್ತಾಸೆಯಿಂದ 1988ರಲ್ಲಿ, ಯುನಿಟ್ ಟ್ರಸ್ಟ್ ಜೊತೆಗೂಡಿ, ಬೆಂಗಳೂರಿನಲ್ಲಿ ಟಿ.ಡಿ.ಐ.ಸಿ.ಐ. ಎಂಬ ಸಂಸ್ಥೆ ಆರಂಭವಾಯಿತು. ಅಡವಿಲ್ಲದೆ ಪಾಲಿಗೆ ಹಣ ಹಾಕುವ ಕೆಲಸವನ್ನು ಭಾರತದಲ್ಲಿ ವ್ಯವಸ್ಥಿತವಾಗಿ ಮೊದಲು ಮಾಡಿದವುಗಳಲ್ಲಿ ಅದೊಂದು.

ಆಮೇಲಿನದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಹುಟ್ಟಿದ ಫ್ಲಿಪ್‌ಕಾರ್ಟಿಗೆ 2009ರಲ್ಲಿ ಆಕ್ಸೆಲ್ ಸಂಸ್ಥೆ ಸುಮಾರು 10 ಲಕ್ಷ ಡಾಲರ್ ಹಾಕಿತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಅದರ ಶೇಕಡ 77ರಷ್ಟು ಪಾಲನ್ನು ಕೊಂಡಿತು.

ಇದರ ಮಗ್ಗುಲಲ್ಲೇ ಇಡಬೇಕಾದ ಇನ್ನೊಂದು ಕಥೆ ಶಾಲಾಮಕ್ಕಳ ಮನೆಗಳನ್ನು ನೇರವಾಗಿ ತಟ್ಟಿದ್ದು. ಕೇರಳದ ಕಣ್ಣೂರು ಜಿಲ್ಲೆಯ ಅಳಿಕ್ಕೋಡಿನಲ್ಲಿ ಮಲಯಾಳ ಮಾಧ್ಯಮದಲ್ಲಿ ಕಲಿತ, ಶಿಕ್ಷಕ ದಂಪತಿಗಳ ಮಗ ಬೈಜು ರವೀಂದ್ರನ್ ಬೆಂಗಳೂರಿನಲ್ಲಿ ಕಟ್ಟಿದ ಶಿಕ್ಷಣ ಕಂಪನಿಗೆ ಜಗತ್ತಿನ ದೊಡ್ಡ ದೊಡ್ಡ ನಿಧಿಗಳು ಹಣ ಸುರಿದವು. 2022ರಲ್ಲಿ ಅದರ ಮೌಲ್ಯ 2,200 ಕೋಟಿ ಡಾಲರ್ ಎನ್ನಲಾಯಿತು. ಸಾಲ ಮಾಡಿಸಿ ಪಾಲಕರಿಗೆ ಕೋರ್ಸು ಮಾರಲಾಗುತ್ತಿದೆಯೆಂಬ ದೂರುಗಳ ಬಗ್ಗೆ ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಯ ಮುಖ್ಯಸ್ಥರಿಗೆ ಹಾಜರಾಗಲು ಸೂಚಿಸಿತು. 2024ರ ಜುಲೈಯಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಬೇಗ ಬೆಳೆ, ಇನ್ನೂ ಬೇಗ ಬೆಳೆ ಎಂಬ ಒತ್ತಡದ ಇನ್ನೊಂದು ಮುಖ ಇದು. ಹೂಡಿದವರು ತಮ್ಮ ಲೆಕ್ಕದಲ್ಲಿ ಸೊನ್ನೆ ಬರೆದುಕೊಂಡು ಮುಂದಿನ ಕಂಪನಿಗೆ ಹೋಗಬಲ್ಲರು. ಕಂತು ಕಟ್ಟುತ್ತಿದ್ದ ಪಾಲಕನಿಗೂ ಸಂಬಳಕ್ಕೆ ಕಾದ ನೌಕರನಿಗೂ ಆ ಸೌಲಭ್ಯವಿಲ್ಲ.

ಮೂರನೆಯ ದಾರಿಯೂ ಇದೆ. ತಮಿಳುನಾಡಿನ ಶ್ರೀಧರ್ ವೆಂಬು ಪ್ರಾಥಮಿಕ ಶಿಕ್ಷಣವನ್ನು ತಮಿಳಿನಲ್ಲಿ ಪಡೆದವರು. 1996ರಲ್ಲಿ ಅವರು ಮತ್ತು ಸಂಗಡಿಗರು ಆರಂಭಿಸಿದ ಕಂಪನಿಯೇ ಇಂದಿನ ಜೋಹೊ. ಅದು ಹೊರಗಿನ ಸಾಹಸ ಬಂಡವಾಳವನ್ನು ತೆಗೆದುಕೊಳ್ಳದೆ, ಗ್ರಾಹಕರಿಂದ ಬಂದ ಹಣದಿಂದಲೇ ಬೆಳೆಯಿತು. ತೆಂಕಾಶಿಯ ಬಳಿಯ ಹಳ್ಳಿಯಲ್ಲಿ ಅದರ ಕಚೇರಿಯಿದೆ. ಕಾಲೇಜು ಮೆಟ್ಟಿಲು ಹತ್ತದ ಮಕ್ಕಳನ್ನು ಕರೆದು ಕಲಿಸಿ ಕೆಲಸ ಕೊಡುವ ಶಾಲೆಯನ್ನೂ ಅದು ನಡೆಸುತ್ತದೆ. ಯಾರ ಗಡುವಿಗೂ ಓಡಬೇಕಾಗಿರದಿದ್ದುದರಿಂದ ಇದು ಸಾಧ್ಯವಾಯಿತೆಂದು ನನ್ನ ಅಭಿಪ್ರಾಯ.

ನಮ್ಮ ಮಕ್ಕಳಿಗೆ ಇರುವ ತೊಡಕನ್ನು ಮುಚ್ಚಿಡಬಾರದು. ಈ ನಿಧಿಗಳ ಬಾಗಿಲಲ್ಲಿ ಮಾತು ನಡೆಯುವುದು ಇಂಗ್ಲಿಷಿನಲ್ಲಿ. ಅದಕ್ಕಿಂತ ದೊಡ್ಡ ತೊಡಕು ಪರಿಚಯದ್ದು. ಒಂದೇ ಕಾಲೇಜಿನಲ್ಲಿ ಓದಿದವರು, ಒಂದೇ ಕಂಪನಿಯಲ್ಲಿ ದುಡಿದವರು ಒಬ್ಬರನ್ನೊಬ್ಬರು ಒಳಗೆ ಕರೆದುಕೊಳ್ಳುತ್ತಾರೆ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಓದಿ ಬಂದ ಹುಡುಗಿಗೆ ಅಲ್ಲಿ ಅಕ್ಕ ಅಣ್ಣ ಯಾರೂ ಇಲ್ಲ. ಕೇಂದ್ರ ಸರಕಾರ 2021ರಲ್ಲಿ 945 ಕೋಟಿ ರೂಪಾಯಿಯ ಸ್ಟಾರ್ಟಪ್ ಇಂಡಿಯಾ ಬೀಜನಿಧಿ ಯೋಜನೆ ತಂದಿತು. ವಿಚಾರವನ್ನು ಮಾದರಿಯಾಗಿಸಿ ಪರೀಕ್ಷಿಸಲು 20 ಲಕ್ಷದವರೆಗೆ ಅನುದಾನ ಅದರಲ್ಲಿತ್ತು. ಅದು ಮಾನ್ಯತೆ ಪಡೆದ ಪೋಷಣಾ ಕೇಂದ್ರಗಳ ಮೂಲಕ ಹಂಚಿಕೆಯಾಗುತ್ತಿತ್ತು. ದೊಡ್ಡ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಕೇಂದ್ರಗಳಿರುತ್ತವೆ. ಪುಣೆಯಲ್ಲಿ ಓದುವ ಮಗನಿಗೆ ತಂದೆ ಮೊದಲು ಕೇಳಬೇಕಾದದ್ದು ‘ನಿನ್ನ ಕಾಲೇಜಿನಲ್ಲಿ ಅಂಥ ಕೇಂದ್ರ ಇದೆಯೇ, ಅಲ್ಲಿಗೆ ಹೋಗಿ ಬಂದೆಯಾ?’ ಎಂದು.

ಅಂದಿನ ಸಭೆ ಮುಗಿದ ಮೇಲೆ ಆ ಕುರಿಗಾರರ ಕಿರಿಯ ಮಗ, ಹತ್ತನೆಯ ತರಗತಿಯವನು, ನನ್ನ ಬಳಿ ಬಂದು ಒಂದು ವಹಿ ತೋರಿಸಿದ. ಮಾಡಗ್ಯಾಳ ತಳಿಯ ಕುರಿಗಳ ಸಂತೆ ಬೆಲೆಯನ್ನು ಊರೂರಿನ ಕುರಿಗಾರರ ಫೋನಿಗೆ ಮುಟ್ಟಿಸುವ ಯೋಜನೆ. ಅಣ್ಣನದ್ದಲ್ಲ, ಇವನದೇ. ಖರ್ಚಿನ ಪಟ್ಟಿ ಅಚ್ಚುಕಟ್ಟಾಗಿತ್ತು: ಫೋನು, ರಿಚಾರ್ಜು, ಸಂತೆಗೆ ಹೋಗಿ ಬೆಲೆ ಬರೆದು ತರುವವನ ಬಸ್ ಚಾರ್ಜು. ಜಮೆಯ ಮಗ್ಗುಲು ಖಾಲಿ.

“ಇದಕ್ಕ ರೊಕ್ಕಾ ಯಾರು ಕೊಡ್ತಾರಪ್ಪಾ?” ಎಂದೆ.

“ಅದನ್ನ ಅಪ್ಪನ ಜೋಡಿ ಸಂತಿಗೆ ಹೋಗಿ ಹತ್ತು ಮಂದೀನ ಕೇಳಿ ಬರತೀನ್ರೀ ಸರ” ಎಂದು ವಹಿ ಇಸಿದುಕೊಂಡು ಹೋದ.